ಮಣ್ಣು ಒಪ್ಪದ ದಿಂಬು

ಮರಳಿನ ಬಾಣಲೆಯಲ್ಲಿ ಹುಣಿಸೆ ಬೀಜ ಸಿಡಿಯುವ ಸದ್ದು ಮೊದಲು ಒಂದೊಂದಾಗಿ ಬರುತ್ತದೆ. ಚಟ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಚಟ್. ಆಮೇಲೆ ಬೀಜಗಳೆಲ್ಲ ಒಟ್ಟಿಗೆ ಸಿಡಿಯತೊಡಗುತ್ತವೆ. ಕಾಪುವಿನ ಹೆದ್ದಾರಿಯಿಂದ ಒಳಗೆ ತಿರುಗುವ ಆ ಸಣ್ಣ ರಸ್ತೆಯವರಿಗೆ ಇದು ಗೊತ್ತಿರುವ ಸದ್ದು. ಶವಪೆಟ್ಟಿಗೆ ಮಾಡುವ ಶೆಡ್ಡಿನ ಹಿಂದೆ ಸಿಸಿಲಿಯಾ ಬೀಜ ಹುರಿಯುತ್ತಿದ್ದಾಳೆಂದರೆ ಎಲ್ಲೋ ಯಾರೋ ತೀರಿಕೊಂಡಿದ್ದಾರೆ. ಅವಳು ಅಂಟು ಕಾಯಿಸುತ್ತಾಳೆ.

ಹದಿನೈದು ತಿಂಗಳಿನಿಂದ ಆ ಸದ್ದು ಇರಲಿಲ್ಲ. ಅಕ್ಟೋಬರಿನ ಆ ಬೆಳಿಗ್ಗೆ ಇಗರ್ಜಿಯ ಗಂಟೆ ಬಿಟ್ಟು ಬಿಟ್ಟು ಹೊಡೆದು, ಹಿರಿಯರಾದ ಗ್ರೆಗರಿ ಪೊರ್ಬುಗಳು ಹೋದರೆಂದು ಊರಿಗೆ ತಿಳಿದ ಮೇಲೆ, ಯಾರನ್ನೂ ಕೇಳದೆ ಅವಳು ಬಾಣಲೆ ಒಲೆಗಿಟ್ಟಳು. ಶೆಡ್ಡಿನ ಯಜಮಾನ ಇನಾಸ್, ಅವಳ ಗಂಡನ ಅಣ್ಣ, ಗರಗಸ ಕೆಳಗಿಟ್ಟು ಬಂದ.

"ಯಾರಿಗೆ ಹುರಿಯುತ್ತಿದ್ದಿ ಸಿಸಿಲ್? ಗ್ರೆಗರಿ ಪೊರ್ಬುಗಳ ಮನೆಗಾ?"

"ಹೌದು ಭಾವೊಜಿ."

"ನಿನಗೆ ತಲೆ ಸರಿ ಉಂಟಲ್ವಾ? ಬೇರೆ ಯಾವ ಮನೆಗಾದರೂ ನೋಡುವ ಅನ್ನಬಹುದಿತ್ತು. ಆ ಮನೆಗಾ?"

"ಆ ಮನೆಗೇ ಆಗಬೇಕು" ಎಂದಳು ಸಿಸಿಲಿಯಾ. ಕೈಯಲ್ಲಿದ್ದ ಸೌಟು ನಿಲ್ಲಲಿಲ್ಲ. ನಿಂತರೆ ಬೀಜ ಕರಕಲಾಗುತ್ತದೆ, ಕರಕಲಾದ ಬೀಜದ ಅಂಟು ಬಟ್ಟೆಯ ಮೇಲೆ ಕಂದು ಕಲೆ ಬಿಡುತ್ತದೆ.

ಅವಳಿಗೆ ಈಗ ಐವತ್ತಾರು. ಹುಟ್ಟಿದ್ದು ಶಂಕರಪುರದಲ್ಲಿ, ಮಲ್ಲಿಗೆ ಬೆಳೆದು ಕಟ್ಟುವ ಮನೆಯಲ್ಲಿ. ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ನೀರಲ್ಲಿ ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ, ಹತ್ತು ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಶಾಲೆಗೆ ಹೋಗುವಾಗಲೂ ಅವಳ ಹೆಬ್ಬೆರಳಲ್ಲಿ ನಾರಿನ ಗೀರು ಇರುತ್ತಿತ್ತು. ಇಪ್ಪತ್ತೆರಡಕ್ಕೆ ರೇಮಂಡನ ಹೆಂಡತಿಯಾಗಿ ಕಾಪುವಿಗೆ ಬಂದಳು. ಹೂವಿನ ಮನೆಯಿಂದ ಪೆಟ್ಟಿಗೆಯ ಮನೆಗೆ. ಮೊದಲ ವಾರ ಅವಳಿಗೆ ಊಟ ಸೇರಲಿಲ್ಲ. ರೇಮಂಡ್ ಅವಳನ್ನು ನಗಿಸಲೆಂದು ಹೇಳುತ್ತಿದ್ದ: "ನಮ್ಮಂಥ ವ್ಯಾಪಾರ ಇನ್ನೊಂದಿಲ್ಲ ಸಿಸಿಲ್. ಇದುವರೆಗೆ ಒಬ್ಬ ಗಿರಾಕಿಯೂ ತಿರುಗಿ ಬಂದು ದೂರು ಹೇಳಿದ್ದಿಲ್ಲ."

ಇನಾಸ್ ಹಲಗೆ ಕೊಯ್ಯುತ್ತಿದ್ದ, ರೇಮಂಡ್ ಜೋಡಿಸುತ್ತಿದ್ದ, ಒಳಗಿನ ಕೆಲಸ ಅವಳದ್ದು. ತಳಕ್ಕೆ ಸ್ಪಂಜಿನ ಹಾಸು, ತಲೆಗೆ ಸ್ಪಂಜಿನ ದಿಂಬು, ನಾಲ್ಕೂ ಬದಿಗೆ ಬಿಳಿ ಸ್ಯಾಟಿನಿನ ನೆರಿಗೆ. ಎಲ್ಲವನ್ನೂ ಹಿಡಿದಿಡುವುದಕ್ಕೆ ಡಬ್ಬಿಯಲ್ಲಿ ಬರುವ ಹಳದಿ ಸೊಲ್ಯೂಷನ್ ಅಂಟು. ಅದರ ಡಬ್ಬಿ ತೆರೆದರೆ ಸಂಜೆಯವರೆಗೆ ತಲೆ ಸಿಡಿಯುತ್ತಿತ್ತು. ಆದರೆ ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ. ಬ್ರಶ್ಶನ್ನು ಹಾವಿನ ನಡಿಗೆಯ ಹಾಗೆ ಓರೆಕೋರೆಯಾಗಿ ಎಳೆಯುವುದು ಅವಳ ಕೈಯ ಅಭ್ಯಾಸ. ಬೇರೆಯವರು ನೇರವಾಗಿ ಬಳಿಯುತ್ತಾರೆ.

ಹನ್ನೊಂದು ವರ್ಷದ ಹಿಂದೆ ಎದೆನೋವಿನಿಂದ ರೇಮಂಡ್ ಹೋದ. ಅವನ ಪೆಟ್ಟಿಗೆಯ ಒಳಗೆಲಸವನ್ನೂ ಅವಳೇ ಮಾಡಿದಳು. ಇನಾಸ್ ಬೇಡವೆಂದರೂ ಕೇಳಲಿಲ್ಲ. ದಿಂಬನ್ನು ಎರಡು ಪದರ ಮಾಡಿದಳು. ರೇಮಂಡನಿಗೆ ತಲೆ ಎತ್ತರದಲ್ಲಿರಬೇಕಿತ್ತು.

ಏಳು ವರ್ಷದ ಮೇಲೆ ಅತ್ತೆ ತೀರಿಕೊಂಡರು. ಅವರ ಇಗರ್ಜಿಯ ಸ್ಮಶಾನದಲ್ಲಿ ಜಾಗ ಕಡಿಮೆ. ಮಗನ ಗುಂಡಿಯನ್ನೇ ತೆಗೆದು, ಎಲುಬುಗಳನ್ನು ಒಂದು ಬದಿಗೆ ಸರಿಸಿ, ತಾಯಿಯನ್ನು ಅಲ್ಲಿಯೇ ಇಡುವುದೆಂದಾಯಿತು. ಅದು ಅಲ್ಲಿ ನಡೆದು ಬಂದದ್ದೇ. ಅಗೆಯಲು ಬಂದವನು ಹುಸೇನಪ್ಪ. ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಇಗರ್ಜಿಯ ಪಾಗಾರ ಗೋಡೆ ಕಟ್ಟುತ್ತ, ಕರೆದಾಗ ಗುಂಡಿಯನ್ನೂ ತೋಡುತ್ತಿದ್ದವನು. ಎದೆಮಟ್ಟ ಇಳಿದ ಮೇಲೆ ಅವನು ಹಾರೆ ನಿಲ್ಲಿಸಿ ಮೇಲೆ ನೋಡಿದ.

"ಅಕ್ಕಾರ, ಇದೇನ್ರೀ ಇದು? ಕಟಿಗಿ ಮಣ್ಣಾಗೇತಿ, ಅರಿವಿ ಜಾಳಾಗೇತಿ. ಇದಕ್ಕ ಮಾತ್ರ ಏನೂ ಆಗಿಲ್ಲ ನೋಡ್ರಿ."

ಅವನ ಕೈಯಲ್ಲಿ ದಿಂಬಿತ್ತು. ಬಣ್ಣ ಹಳದಿಗೆ ತಿರುಗಿತ್ತು, ಅಷ್ಟೇ. ಮೂಲೆಗಳು ಮೂಲೆಗಳಾಗಿಯೇ ಇದ್ದವು. ಅಡಿಯಲ್ಲಿ ಗಟ್ಟಿಯಾಗಿ ನಿಂತ ಅಂಟಿನ ಗೆರೆ. ಹಾವಿನ ನಡಿಗೆಯ ಗೆರೆ. ನಡುವೆ ಒಂದು ತಲೆಯಷ್ಟು ತಗ್ಗು.

"ಒಗದ್ಬಿಡ್ಲಾ?" ಎಂದು ಹುಸೇನಪ್ಪ ಕೇಳಿದ. ಅವಳ ಮುಖ ನೋಡಿ, ಉತ್ತರಕ್ಕೆ ಕಾಯದೆ, ದಿಂಬನ್ನು ಮಣ್ಣಿನ ದಿಬ್ಬದ ಮೇಲೆ ಮೆಲ್ಲಗೆ ಇಟ್ಟ.

ತಿರುಗಿ ಬಂದು ದೂರು ಹೇಳಿದ ಮೊದಲ ಗಿರಾಕಿ ರೇಮಂಡನೇ ಆದ.

ಅವಳು ದಿಂಬನ್ನು ಮನೆಗೆ ತಂದು, ಬಾವಿಕಟ್ಟೆಯಲ್ಲಿ ತೊಳೆದು, ಒಣಗಿಸಿ, ಶೆಡ್ಡಿನ ಗೋಡೆಯಲ್ಲಿ ಮೊಳೆಗೆ ನೇತುಹಾಕಿದಳು. ಮಣ್ಣಿಗೆ ಹಾಕಿದರೆ ಮಣ್ಣು ಒಪ್ಪುವುದಿಲ್ಲ. ಸುಡಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ಊರಿನವರೆಲ್ಲ ಗುಂಡಿಯ ಬಳಿ ನಿಂತು ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ, ಮಣ್ಣಿಂದ ಬಂದದ್ದು ಮಣ್ಣಿಗೆ ಎಂದು ಫಾದರ್ ಹೇಳುತ್ತಾರೆ. ನಾನು ಮಾತ್ರ ಇಪ್ಪತ್ತೇಳು ವರ್ಷಗಳಿಂದ ಪ್ರತಿಯೊಬ್ಬರ ತಲೆಯಡಿಗೂ ಮಣ್ಣಿಗೆ ಹೋಗದ ಒಂದನ್ನು ಇಟ್ಟು ಕಳಿಸಿದ್ದೇನೆ. ಇನ್ನು ಮುಂದೆ ಹಾಗೆ ಯಾರನ್ನೂ ಕಳಿಸಲಾರೆ. ಇಷ್ಟೇ ಅವಳ ಹಟ. ಇದನ್ನು ಅವಳು ಯಾರಿಗೂ ವಿವರಿಸಲು ಹೋಗಲಿಲ್ಲ. ಮರುವಾರ ಸ್ಪಂಜಿನ ಉಳಿದ ಹಾಳೆಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದಳು.

ಬದಲಿಗೆ ಏನು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಸಾಲಾಗಿ ಸಣ್ಣ ಸಣ್ಣ ಗುಂಡಿ ತೋಡಿ, ಒಂದೊಂದರಲ್ಲಿ ಒಂದೊಂದನ್ನು ಹೂತಳು. ತೆಂಗಿನ ನಾರು. ಬೂರುಗದ ಹತ್ತಿ. ಹಲಸಿನ ಮೇಣ ಮೆತ್ತಿದ ಬಟ್ಟೆ. ಮೈದಾದ ಗಂಜಿ. ಹುಣಿಸೆ ಬೀಜದ ಹುಡಿ ಕುದಿಸಿ ಮಾಡಿದ ಅಂಟು. ಪ್ರತಿಯೊಂದಕ್ಕೂ ಒಂದು ಕೋಲು, ಕೋಲಿಗೆ ಬಣ್ಣದ ದಾರ. ಪ್ರತಿ ತಿಂಗಳ ಮೊದಲ ಶುಕ್ರವಾರ ಅಗೆದು ನೋಡುತ್ತಿದ್ದಳು. ಮೈದಾ ಗಂಜಿಗೆ ಇರುವೆ ಬಂತು. ಮೇಣ ಬಟ್ಟೆಯನ್ನು ಕಪ್ಪಾಗಿಸಿತು. ಹುಣಿಸೆ ಬೀಜದ ಅಂಟು ಒಣಗಿದ್ದಾಗ ಹಲಗೆಗೆ ಉಗುರು ಹಾಕಿದ ಹಾಗೆ ಹಿಡಿಯುತ್ತಿತ್ತು, ಮಣ್ಣಿಗೆ ಹೋದ ಮೂರನೇ ತಿಂಗಳಿಗೆ ಕಾಣಿಸುತ್ತಿರಲಿಲ್ಲ. ಅದನ್ನೇ ಆರಿಸಿಕೊಂಡಳು. ಉಡುಪಿಯ ಅಂಗಡಿಗಳಿಂದ ಹುಣಿಸೆ ಬೀಜ ಬಂತು. ತಳದ ಹಾಸಿಗಾಗಿ ಕಾರ್ಕಳದ ತೋಟವೊಂದರಿಂದ ರಬ್ಬರ್ ಹಾಲು ತಂದು, ಬಿಡಿಸಿದ ತೆಂಗಿನ ನಾರಿಗೆ ತೆಳ್ಳಗೆ ಚಿಮುಕಿಸಿ, ಎರಡು ಹಲಗೆಗಳ ನಡುವೆ ಒತ್ತಿ ಒಣಗಿಸಿದಳು. ಅದು ಸ್ಪಂಜಿನಷ್ಟು ಮೆದುವಲ್ಲ. ಆದರೆ ಕೈಯಿಟ್ಟರೆ ತಗ್ಗಿ, ಎತ್ತಿದರೆ ಏಳುತ್ತಿತ್ತು. ಸ್ಯಾಟಿನಿನ ಜಾಗಕ್ಕೆ ಬಿಳಿ ಹತ್ತಿ ಬಟ್ಟೆ, ದಿಂಬಿಗೆ ಬೂರುಗದ ಹತ್ತಿ.

ಮಣಿಪಾಲದ ಕಾಲೇಜೊಂದರ ಲ್ಯಾಬಿನಲ್ಲಿ ಗಿಡಗಳಿಂದ ಫೋಮ್ ಮಾಡುವ ಕೆಲಸದಲ್ಲಿದ್ದ ಹರ್ಷಿಣಿ ಎಂಬ ಹುಡುಗಿ, ಸ್ನೇಹಿತೆಯ ಅಜ್ಜಿಯ ಸಾವಿಗೆ ಬಂದಾಗ ಈ ಪೆಟ್ಟಿಗೆ ನೋಡಿ, ಹುಡುಕಿಕೊಂಡು ಶೆಡ್ಡಿಗೆ ಬಂದಳು. ಎರಡನೇ ಸಲ ಬಂದಾಗ ಬೆಣ್ಣೆಯಂಥ ಬಿಳಿಯ ತುಂಡೊಂದನ್ನು ತಂದಳು.

"ಇದು ಹರಳೆಣ್ಣೆಯಿಂದ ಮಾಡಿದ್ದು ಆಂಟಿ. ನಿಮ್ಮ ನಾರಿನ ಹಾಸಿಗಿಂತ ಮೆದು."

ಸಿಸಿಲಿಯಾ ಅದನ್ನೂ ನುಗ್ಗೆಮರದಡಿ ಹೂತಳು. ಒಂದು ವರ್ಷದ ನಂತರ ಅಗೆದಾಗ ಅದು ಇಟ್ಟ ಹಾಗೆಯೇ ಇತ್ತು. ಹರ್ಷಿಣಿ ಅದರ ಮಣ್ಣು ಒರೆಸಿ, ಬೆರಳಿನಿಂದ ಒತ್ತಿ ನೋಡಿದಳು.

"ಹುಟ್ಟು ಗಿಡದ್ದೇ ಆಂಟಿ. ಆದರೆ ನಾವು ಅದನ್ನು ಕಟ್ಟಿದ ರೀತಿ ಪ್ಲಾಸ್ಟಿಕಿನದ್ದು. ಪೆಟ್ರೋಲಿಯಂ ಬಳಸುವುದು ತಪ್ಪುತ್ತದೆ, ಅಷ್ಟೇ. ಮಣ್ಣಿಗೆ ಹೋಗುತ್ತದೆ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ."

"ಕುರ್ಚಿಗೆ ಹಾಕು ಮಗಳೇ" ಎಂದಳು ಸಿಸಿಲಿಯಾ. "ಕುರ್ಚಿಯಲ್ಲಿ ಕೂತವರು ಏಳುತ್ತಾರೆ."

ಹೀಗೆ ಎರಡು ವರ್ಷ, ಹತ್ತೊಂಬತ್ತು ಪೆಟ್ಟಿಗೆಗಳು ಹೋದವು. ಇನಾಸ್ ಗೊಣಗಿದ, ಆದರೆ ತಡೆಯಲಿಲ್ಲ. ಅಂಟನ್ನು ಅವಳು ಬಿಸಿಲಿಗೆ ಇಟ್ಟು ನೋಡಿದ್ದಳು, ಆಟಿ ತಿಂಗಳ ಮಳೆಯಲ್ಲಿ ಜಗಲಿಯಲ್ಲಿಟ್ಟು ನೋಡಿದ್ದಳು. ಸೋತದ್ದು ಎಲ್ಲಿ ಎಂದರೆ, ಊರಿನ ಪ್ರತಿ ಮನೆಗೂ ಗೊತ್ತಿದ್ದ ಒಂದು ವಿಷಯದಲ್ಲಿ. ಇಲ್ಲಿ ಸತ್ತವರು ಆ ದಿನವೇ ಮಣ್ಣಿಗೆ ಹೋಗುವುದಿಲ್ಲ. ಗಲ್ಫಿನಲ್ಲಿರುವ ಮಕ್ಕಳು ಬರಬೇಕು. ರಜೆ ಸಿಗಬೇಕು, ಟಿಕೆಟ್ ಸಿಗಬೇಕು. ಅಲ್ಲಿಯವರೆಗೆ ದೇಹ ಶವಾಗಾರದ ಚಳಿಯಲ್ಲಿ ಕಾಯುತ್ತದೆ. ಬಿಸಿಲು, ಮಳೆ, ಮಣ್ಣು ಎಲ್ಲವನ್ನೂ ಪರೀಕ್ಷಿಸಿದ ಸಿಸಿಲಿಯಾಳಿಗೆ ಆ ಚಳಿ ನೆನಪಾಗಲಿಲ್ಲ. ಮೊದಲ ಹತ್ತೊಂಬತ್ತು ಮಂದಿ, ಅದೃಷ್ಟವೋ ಏನೋ, ಮಕ್ಕಳು ಹತ್ತಿರವೇ ಇದ್ದವರು.

ಇಪ್ಪತ್ತನೆಯದು ಆಂಜೆಲಾ ಬಾಯಿಯದ್ದು, ಗ್ರೆಗರಿ ಪೊರ್ಬುಗಳ ಹೆಂಡತಿ. ಕಳೆದ ವರ್ಷದ ಜುಲೈ. ದುಬೈಯಿಂದ ಮಗ ಕಾರ್ಲ್ಟನ್ ಬರಲು ನಾಲ್ಕು ದಿನವಾಯಿತು. ಚಳಿಯಿಂದ ನೇರ ತಂದು ಪೆಟ್ಟಿಗೆಯಲ್ಲಿ ಮಲಗಿಸಿದ ದೇಹ, ಜುಲೈಯ ಗಾಳಿಯಲ್ಲಿ, ಫ್ರಿಜ್ಜಿನಿಂದ ತೆಗೆದ ಬಾಟ್ಲಿಯ ಹಾಗೆ ಬೆವರತೊಡಗಿತು. ಆ ನೀರು ಬದಿಯ ಬಟ್ಟೆಗೆ ಇಳಿಯಿತು. ಇಗರ್ಜಿಯಲ್ಲಿ ಪೂಜೆ ಮುಗಿದು, ಮುಚ್ಚಳ ಹಾಕುವ ಮೊದಲು ಕಾರ್ಲ್ಟನ್ ತಾಯಿಯ ಹಣೆಗೆ ಮುತ್ತಿಡಲು ಬಗ್ಗಿದ. ತಲೆಯ ಬದಿಯ ನೆರಿಗೆ ಅಷ್ಟೂ ಅಗಲಕ್ಕೆ ಹಲಗೆಯಿಂದ ಕಳಚಿ, ಒದ್ದೆಯಾಗಿ, ಆಂಜೆಲಾ ಬಾಯಿಯ ಮುಖದ ಮೇಲೆ ಬಿತ್ತು.

ಅವನು ಅದನ್ನು ಎತ್ತಿದ. ಕರಗಿದ ಅಂಟಿನ ಲೋಳೆ ಅವನ ಬೆರಳುಗಳಿಗೆ ಹತ್ತಿತು. ಆ ಬೆರಳುಗಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಅವನು ನಿಂತದ್ದನ್ನು ಕೊನೆಯ ಬೆಂಚಿನಿಂದ ಸಿಸಿಲಿಯಾ ನೋಡಿದಳು.

ಮರುದಿನ ಇನಾಸ್ ಅಟ್ಟದಿಂದ ಸ್ಪಂಜು ಇಳಿಸಿದ. "ಮಣ್ಣಿನೊಳಗೆ ಎಂತ ಆಗುತ್ತದೆ ಯಾರಿಗೂ ಕಾಣುವುದಿಲ್ಲ ಸಿಸಿಲ್. ಇಗರ್ಜಿಯಲ್ಲಿ ಆದದ್ದು ಎಲ್ಲರಿಗೂ ಕಾಣುತ್ತದೆ" ಎಂದ. ಅವನ ಮಾತು ತಪ್ಪೆಂದು ಅವಳಿಗೂ ಅನಿಸಲಿಲ್ಲ. ಅಂದಿನಿಂದ ಒಳಗೆಲಸಕ್ಕೆ ಬೇರೆಯವರು ಬಂದರು. ಅವಳು ಶೆಡ್ಡು ಗುಡಿಸಿದಳು, ಶಿಲುಬೆಗಳಿಗೆ ಬಣ್ಣ ಹಚ್ಚಿದಳು.

ಡಿಸೆಂಬರಿನಲ್ಲಿ ಶಂಕರಪುರಕ್ಕೆ ಹೋಗಿದ್ದಾಗ ತಂಗಿ ಲೀನಾ ಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು. ಪಕ್ಕದಲ್ಲಿ ನೀರಿನ ಪಾತ್ರೆ, ಅದರೊಳಗೆ ಬಾಳೆನಾರು.

"ಇದೆಲ್ಲ ಎಲ್ಲಿಗೆ?" ಎಂದು ಸಿಸಿಲಿಯಾ ಸುಮ್ಮನೆ ಕೇಳಿದಳು.

"ದುಬೈಗಂತೆ. ಯಾವುದೋ ಮದುವೆ. ಐಸಿನ ಮೇಲಿಟ್ಟು ಕಳಿಸುತ್ತಾರೆ."

"ಐಸಿನಲ್ಲಿ ಗಂಟು ಬಿಡುವುದಿಲ್ವಾ?"

ಲೀನಾ ನಕ್ಕಳು. "ನೀನು ಶಂಕರಪುರದವಳೇ ಅಲ್ವಾ ಮಾರಾಯ್ತಿ? ನಾರು ಒಣಗಿದರೆ ತುಂಡಾಗುತ್ತದೆ. ಒದ್ದೆ ಆದಷ್ಟು ಬಿಗಿ. ಅಮ್ಮ ಹೊಡೆದು ಹೊಡೆದು ಕಲಿಸಿದ್ದು ಮರೆತೆಯಾ?"

ಮರೆತಿದ್ದಳು. ಮೂವತ್ತು ವರ್ಷಗಳಿಂದ ಅವಳ ಕೈ ಅಂಟಿಸುವುದನ್ನು ಮಾತ್ರ ಬಲ್ಲದಾಗಿತ್ತು, ಕಟ್ಟುವುದನ್ನಲ್ಲ. ಆ ಸಂಜೆ ಲೀನಾಳ ಮನೆಯಿಂದ ಒಣಗಿಸಿದ ಬಾಳೆಪಟ್ಟೆಯ ಒಂದು ಕಟ್ಟು ಹೊತ್ತು ಬಸ್ಸು ಹತ್ತಿದಳು.

ಮುಂದಿನ ಹತ್ತು ತಿಂಗಳು ಅವಳು ಒಂದೇ ಪೆಟ್ಟಿಗೆಯ ಮೇಲೆ ಕೆಲಸ ಮಾಡಿದಳು. ಅಳತೆ ತಪ್ಪಿದ್ದಕ್ಕೆ ಇನಾಸ್ ಬದಿಗೆ ಹಾಕಿದ್ದ ಪೆಟ್ಟಿಗೆ. ಹಲಗೆಯ ಅಂಚಿನುದ್ದಕ್ಕೂ ಬೆರಳಿಗೆ ಸಿಗದಷ್ಟು ಸಣ್ಣ ತೂತುಗಳನ್ನು ಕೊರೆದು, ಬಟ್ಟೆಯ ಪ್ರತಿ ನೆರಿಗೆಯನ್ನೂ ಹೂವಿನ ಗಂಟಿನಲ್ಲಿ ನಾರಿನಿಂದ ಕಟ್ಟಿದಳು. ಹುಣಿಸೆಯ ಅಂಟು ಉಳಿಯಿತು, ಆದರೆ ಬಿಟ್ಟರೂ ದೇಹದ ಭಾರವೇ ಒತ್ತಿ ಹಿಡಿಯುವ ತಳದಲ್ಲಿ, ನಾರಿನ ಹಾಸನ್ನು ಹಲಗೆಗೆ ಕೂರಿಸಲು ಮಾತ್ರ. ಅದಕ್ಕೆ ಬೇಕಾದ ಒಂದು ಹಿಡಿ ಬೀಜವನ್ನು ಅಡುಗೆಮನೆಯಲ್ಲಿ, ಕಿಟಕಿ ಮುಚ್ಚಿ ಹುರಿಯುತ್ತಿದ್ದಳು. ಮೊದಲ ಸಲ ಗಂಟುಗಳು ಸಡಿಲಾದವು. ಎರಡನೇ ಸಲ ತೂತು ದೊಡ್ಡದಾಗಿ ಹಲಗೆ ಸೀಳಿತು. ಮೂರನೇ ಸಲ ಮೀನಿನ ಅಂಗಡಿಯಿಂದ ಐಸು ತರಿಸಿ, ಗೋಣಿಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಮಲಗಿಸಿದಳು. ಕರಗಿದಂತೆ ಮತ್ತೆ ತುಂಬಿಸುತ್ತ ಐದು ದಿನ.

"ಯಾರ ಸಾವು ಮಾರಾಯ್ತಿ? ಬಂಗುಡೆಯದ್ದಾ?" ಎಂದು ಐಸಿನವನು ಕೇಳಿದ್ದ.

ಬಂಗುಡೆಯ ವಾಸನೆ ಹೋಗಲು ಒಂದು ವಾರ ಬೇಕಾಯಿತು. ಗಂಟುಗಳು ಬಿಟ್ಟಿರಲಿಲ್ಲ.

ಈಗ ಗ್ರೆಗರಿ ಪೊರ್ಬುಗಳು ಹೋಗಿದ್ದಾರೆ. ಈ ಮನೆ ಒಪ್ಪದಿದ್ದರೆ ಇನ್ಯಾವ ಮನೆಯೂ ಅವಳ ಪೆಟ್ಟಿಗೆ ಕೇಳುವುದಿಲ್ಲ. ಹಿಂದಿನದ್ದನ್ನು ಬೆರಳುಗಳಲ್ಲಿ ನೆನಪಿಟ್ಟವರು ಇವರೇ.

ಹುರಿದ ಬೀಜ ಆರುತ್ತಿದ್ದಾಗ ಕಾರು ಬಂದು ನಿಂತಿತು. ಕಾರ್ಲ್ಟನ್ ತಂದೆಯ ಕಾಯಿಲೆಗೆಂದು ಎರಡು ವಾರದಿಂದ ಊರಿನಲ್ಲೇ ಇದ್ದ. ಕ್ಷೌರವಿಲ್ಲದ ಮುಖ. ಅವನು ಇನಾಸನ ಹತ್ತಿರವೇ ಹೋದ.

"ಇನಾಸ್ ಅಂಕಲ್, ಸ್ಪಂಜಿನದ್ದೇ ಆಗಲಿ. ತಂಗಿ ಶರೋನ್ ಕೆನಡಾದಿಂದ ಬರಬೇಕು, ಮೂರು ದಿನ ಉಂಟು. ಅವಳಿಗೆ ಕಳೆದ ಸಲ ಬರಲಿಕ್ಕಾಗಲಿಲ್ಲ. ಈ ಸಲ ಅವಳು ನೋಡುವುದು ಅಂಥದ್ದಾಗಬಾರದು."

"ಅದೇ ಮಾಡುವ. ನೀನು ಮಂಡೆಬಿಸಿ ಮಾಡಬೇಡ" ಎಂದ ಇನಾಸ್.

ಸಿಸಿಲಿಯಾ ಕೈಯೊರೆಸಿಕೊಂಡು ಬಂದು ಎದುರು ನಿಂತಳು. "ಕಾರ್ಲ್ಟನ್, ಕಳೆದ ವರ್ಷ ನಾನು ನಿಮ್ಮ ಮನೆಗೆ ಬಂದು ಕ್ಷಮೆ ಕೇಳಲಿಲ್ಲ. ಬರಲು ಧೈರ್ಯ ಬರಲಿಲ್ಲ. ಈಗ ಕೇಳುತ್ತೇನೆ. ತಪ್ಪು ನನ್ನದು."

ಅವನು ನೆಲ ನೋಡಿದ. "ಆಯಿತಲ್ಲ ಬಾಯಿ. ಬಿಡಿ."

"ಬಿಡುವ ಮೊದಲು ಒಂದು ಮಾಡು. ಒಳಗೆ ಬಾ. ಎಳೆದು ನೋಡು."

ಪೆಟ್ಟಿಗೆ ಕಿಟಕಿಯ ಕೆಳಗಿತ್ತು. ಬಟ್ಟೆಯ ಮೇಲೆ ಇನ್ನೂ ನೀರಿತ್ತು. ಬೆಳಿಗ್ಗೆ ಗಂಟೆ ಕೇಳಿದ ಮೇಲೆ ಅವಳೇ ಎರಡು ಕೊಡ ಸುರಿದಿದ್ದಳು. ಕಾರ್ಲ್ಟನ್ ಇನಾಸನ ಮುಖ ನೋಡಿದ. ಆಮೇಲೆ ತಲೆಯ ಬದಿಯ ನೆರಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಮೆಲ್ಲಗೆ ಎಳೆದ. ನಂತರ ಇಡೀ ಮುಷ್ಟಿಯಲ್ಲಿ ಹಿಡಿದು, ಹದಿನೈದು ತಿಂಗಳ ಸಿಟ್ಟೆಲ್ಲ ಒಟ್ಟಾದ ಹಾಗೆ ಜಗ್ಗಿದ. ಪೆಟ್ಟಿಗೆ ನೆಲದ ಮೇಲೆ ಒಂದು ಗೇಣು ಸರಿಯಿತು. ಬಟ್ಟೆ ಕಳಚಲಿಲ್ಲ.

ಅವನು ಬೆರಳು ತಿರುಗಿಸಿ ನೋಡಿಕೊಂಡ. ನೀರು ಮಾತ್ರ.

"ಇದು ನಮ್ಮ ಮಲ್ಲಿಗೆಯ ಗಂಟಲ್ವಾ?" ಎಂದ. "ಮಮ್ಮಿ ತಲೆಗೆ ಇಡುತ್ತಿದ್ದದ್ದು."

"ಅದೇ ಗಂಟು."

ಅವನ ಕಣ್ಣು ಗೋಡೆಗೆ ಹೋಯಿತು. "ಅದೆಂತ, ಆ ಹಳೇ ದಿಂಬು?"

"ರೇಮಂಡನದ್ದು" ಎಂದಳು. ಆಮೇಲೆ, ಇದುವರೆಗೆ ಯಾರಿಗೂ ಹೇಳದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಗುಂಡಿ ತೆಗೆದದ್ದು, ಹುಸೇನಪ್ಪ ಎತ್ತಿ ತೋರಿಸಿದ್ದು. ಇನಾಸ್ ಬಾಗಿಲ ಹತ್ತಿರ ತಿರುಗಿ ನಿಂತ. ಅವನ ತಮ್ಮನದ್ದೂ ಅಲ್ಲವೇ ಅದು.

ಕಾರ್ಲ್ಟನ್ ಹತ್ತಿರ ಹೋದ. ಮುಟ್ಟಲಿಲ್ಲ. ನಡುವಿನ ತಗ್ಗನ್ನು ನೋಡುತ್ತ ನಿಂತ.

"ಹಾಗಾದರೆ ಮಮ್ಮಿಯದ್ದು..."

"ಆಂಜೆಲಾ ಬಾಯಿಯದ್ದು ಈಗ ಮಣ್ಣು. ನನ್ನ ಮರದಡಿಯಲ್ಲಿ ಅದೇ ಬಟ್ಟೆ, ಅದೇ ಅಂಟು ಹೂತಿಟ್ಟು ನೋಡಿದ್ದೇನೆ. ಉಳಿದಿಲ್ಲ."

ಹೊರಗೆ ಬಾಣಲೆಯಲ್ಲಿ ತಡವಾಗಿ ಒಂದು ಬೀಜ ಚಟ್ ಎಂದಿತು.

"ಗ್ಯಾರಂಟಿ ಉಂಟಾ ಬಾಯಿ?" ಎಂದು ಕಾರ್ಲ್ಟನ್ ಕೇಳಿದ. "ಇಗರ್ಜಿಯಲ್ಲಿ, ಶರೋನಳ ಎದುರು?"

"ಐದು ದಿನ ಐಸಿನಲ್ಲಿ ಇಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ. ಮಣ್ಣಿನೊಳಗೆ ಉಳಿಯುವುದಿಲ್ಲ ಎನ್ನುವುದಕ್ಕೆ ಮಾತ್ರ ಗ್ಯಾರಂಟಿ."

ಇನಾಸ್ ಏನೋ ಹೇಳಲು ಬಾಯಿ ತೆರೆದ. ಕಾರ್ಲ್ಟನ್ ಅವನ ಕಡೆ ನೋಡದೆ, ಪೆಟ್ಟಿಗೆಯ ಉದ್ದವನ್ನು ಕಣ್ಣಲ್ಲೇ ಅಳೆದ.

"ಇದು ಡ್ಯಾಡಿಗೆ ಸಣ್ಣದಾಯಿತು. ಐದು ಅಡಿ ಹತ್ತು ಇಂಚು ಅವರು."

ಸಿಸಿಲಿಯಾ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. ಇನ್ನೊಂದು ಮೊಳೆಯಲ್ಲಿದ್ದ, ಬಾಳೆಪಟ್ಟೆ ಸೀಳುವ ಕತ್ತಿಯನ್ನು ತೆಗೆದುಕೊಂಡಳು.

"ಭಾವೊಜಿ, ಆರು ಅಡಿ ಮೂರು ಇಂಚಿನ ಹಲಗೆ ಕೊಯ್ಯಿರಿ. ಅಂಚು ದಪ್ಪ ಇರಲಿ, ತೂತು ಕೊರೆಯಬೇಕು."

"ನೋಡು ಕಾರ್ಲ್ಟನ್" ಎಂದ ಇನಾಸ್, "ಏನಾದರೂ ಹೆಚ್ಚುಕಮ್ಮಿ ಆದರೆ ಆಮೇಲೆ ನನ್ನನ್ನು..."

"ನಾನು ಶರೋನಿಗೆ ಫೋನ್ ಮಾಡಿ ಹೇಳುತ್ತೇನೆ ಅಂಕಲ್. ಬಾಯಿ, ಅವಳು ಕೇಳಿಯೇ ಕೇಳುತ್ತಾಳೆ, ಕಳೆದ ಸಲ ಹಾಗಾಗಿಯೂ ನೀನು ಮತ್ತೆ ಯಾಕೆ ಒಪ್ಪಿದೆ ಅಂತ. ನಾನು ಅವಳಿಗೆ ಎಂತ..."

ನಾರು ನೆನೆಯಲು ಎರಡು ಗಂಟೆ ಬೇಕು. ಸಿಸಿಲಿಯಾ ಆಗಲೇ ಬಾಗಿಲು ದಾಟಿ, ಬಾವಿಕಟ್ಟೆಯ ಪಕ್ಕದ ಬಾಳೆಪಟ್ಟೆಯ ಕಟ್ಟಿನ ಕಡೆಗೆ ಹೊರಟುಹೋಗಿದ್ದಳು.